ಸೋತ ಚುನಾವಣೆಯ ಬೆಲೆ

ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಚರಿತ್ರೆಯನ್ನು ಬರೆವವರು ಕರಕುಶಲ ಕಲೆಗಳ ಪುನರುದ್ಧಾರವನ್ನು ವಿಸ್ತಾರವಾಗಿ ವರ್ಣಿಸಿ, 1926ರ ಚುನಾವಣೆಯನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದುಂಟು. ಅಲ್ಪಮತಗಳಿಂದಾದ ಆ ಸೋಲನ್ನು ಗೆಲವೆಂದೇ ಕೊಂಡಾಡುವವರೂ ಉಂಟು. ಇವೆರಡೂ ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು ಮದರಾಸು ಪ್ರಾಂತ್ಯದ ಶಾಸನಸಭೆಗೆ ಉಮೇದುವಾರರಾಗಿ ನಿಂತಾಗ ಇನ್ನೂ ಇಪ್ಪತ್ತಮೂರರ ವಯಸ್ಸು. ಆ ಪ್ರಾಂತ್ಯದ ಸ್ತ್ರೀಯರಿಗೆ 1921ರಲ್ಲಿಯೇ ಮತಾಧಿಕಾರ ದೊರೆತಿದ್ದಿತು. ಆದರೆ ಆಸ್ತಿಯುಳ್ಳವರಿಗೆ ಮಾತ್ರ. ಅವರ ಮಾತನ್ನು ಕೇಳಬಹುದಾಗಿದ್ದ ಹೆಂಗಸರಲ್ಲಿ ಬಹುಮಂದಿ ಮತವನ್ನು ಕೊಡಲಾರದವರು. ಸೋಲನ್ನು ತೂಗುವವರು ಈ ತಕ್ಕಡಿಯ ದೋಷವನ್ನೂ ಎಣಿಸಬೇಕು.

ಮರುವರ್ಷ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಅದೇ ಸಭೆಯನ್ನು ಸೇರಿದರು, ಸರಕಾರದ ನೇಮಕದಿಂದ. ಅದೂ ಗೌರವವೇ ಸರಿ. ಆದರೆ ಜನರ ಮುಂದೆ ನಿಂತು ಮತವನ್ನು ಕೇಳಿ, ಇಲ್ಲವೆನಿಸಿಕೊಳ್ಳುವುದಕ್ಕೆ ಬೇರೆಯ ಬಗೆಯ ಧೈರ್ಯ ಬೇಕು.

ನಿಜಾಮರ ಸೀಮೆಗೆ ಸೇರಿದ್ದ ನಮ್ಮ ಕೊಡಂಬಲದಲ್ಲಿ ಸಾಮಾನ್ಯ ಗೃಹಿಣಿಯ ಕೈಗೆ ಶಾಸನಸಭೆಯ ಮತಪತ್ರವು ಬಂದುದು 1952ರಲ್ಲಿ. ಅದನ್ನು ನೆನೆದ ವಾಚಕರಿಗೆ 1926ರ ಬೆಲೆಯು ತಿಳಿಯದಿರದು. ಸೋಲು ಸೋಲೇ, ಅದನ್ನು ಗೆಲವೆನ್ನುವುದು ಬೇಡ. ಅದನ್ನು ಮರೆತು ಬರೆದ ಚರಿತ್ರೆಯಾದರೋ ಅಪೂರ್ಣವಾದುದು.