‘ಇನ್ ಬ್ರೂಜ್’: ಕೊಲೆಗಾರನ ಪಶ್ಚಾತ್ತಾಪ

ಬಾಡಿಗೆ ಕೊಲೆಗಾರರ ಚಿತ್ರಕ್ಕೂ ಮಠದ ಪತ್ರಿಕೆಗೂ ಏನು ನಂಟೆಂದು ಸದ್ಭಕ್ತ ವಾಚಕರು ಹುಬ್ಬೇರಿಸಬಹುದು. ಮಾರ್ಟಿನ್ ಮೆಕ್‌ಡೊನಾ 2008ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ, ರೇ ಎಂಬಾತ ಪಾದ್ರಿಯೊಬ್ಬನನ್ನು ಕೊಲ್ಲುವಾಗ ಇಗರ್ಜಿಯಲ್ಲಿದ್ದ ಬಾಲಕನೂ ಗುಂಡಿಗೆ ಬಲಿಯಾಗುತ್ತಾನೆ. ಒಡೆಯ ಹ್ಯಾರಿಯ ಅಪ್ಪಣೆಯಂತೆ ಅವನೂ ಹಿರಿಯ ಸಂಗಾತಿ ಕೆನ್ನನೂ ಬೆಲ್ಜಿಯಂನ ಬ್ರೂಜ್ ನಗರದಲ್ಲಿ ತಲೆಮರೆಸಿಕೊಳ್ಳುತ್ತಾರೆ.

ನಗೆ ಧಾರಾಳವಾಗಿದೆ. ಅಶ್ಲೀಲ ನುಡಿಗಳೂ, ಗಿಡ್ಡ ಆಕಾರದ ನಟನೊಬ್ಬನ ಕುರಿತ ಪರಿಹಾಸವೂ ನಮಗೆ ರುಚಿಸಲಿಲ್ಲ. ಆದರೆ ಉದ್ಯಾನದ ಆ ಒಂದು ದೃಶ್ಯ! ರೇಯನ್ನು ಕೊಲ್ಲೆಂಬ ಆಜ್ಞೆ ಹೊತ್ತ ಕೆನ್ನ ಹಿಂದಿನಿಂದ ಮೆಲ್ಲನೆ ಬರುತ್ತಾನೆ. ಪಶ್ಚಾತ್ತಾಪದಲ್ಲಿ ಬೆಂದ ರೇ ಆಗಲೇ ಪಿಸ್ತೂಲನ್ನು ತನ್ನ ತಲೆಗಿಟ್ಟುಕೊಂಡಿದ್ದಾನೆ. ಕೊಲ್ಲಬಂದವನೇ ಕೂಗಿ ತಡೆಯುತ್ತಾನೆ. ನೋಡುವವನು ನಗುತ್ತಾನೆ, ನಕ್ಕುದಕ್ಕೆ ನಾಚುತ್ತಾನೆ.

ಹ್ಯಾರಿಯಾದರೋ ನೇಮನಿಷ್ಠ. ಮಗುವನ್ನು ಕೊಂದವನು ಬದುಕಬಾರದೆಂಬುದು ಅವನ ವ್ರತ. ಶಾಲಾಬಾಲಕನ ವೇಷದಲ್ಲಿದ್ದ ಆ ನಟ ತನ್ನ ಗುಂಡಿಗೆ ಸತ್ತಾಗ ಮಗುವನ್ನೇ ಕೊಂದೆನೆಂದು ಭ್ರಮಿಸಿ, ರೇ ಹೇಳಹೊರಟುದನ್ನೂ ಕೇಳದೆ ತನಗೆ ತಾನೇ ಗುಂಡಿಟ್ಟುಕೊಳ್ಳುತ್ತಾನೆ. ವ್ರತವೇನೋ ಉಳಿಯಿತು, ವಿವೇಕ, ದಯೆಗಳೆಲ್ಲಿ? ಅವು ಇದ್ದುದು ಆಜ್ಞೆ ಮುರಿದ ಕೆನ್ನನಲ್ಲಿ. ಗಾಯಗೊಂಡ ರೇ ಉಳಿಯುವನೋ ಇಲ್ಲವೋ, ಚಿತ್ರ ತಿಳಿಸುವುದಿಲ್ಲ. ಸಾಯಹೊರಟಿದ್ದವನು ಈಗ ಬದುಕಲು ಹಂಬಲಿಸುತ್ತಿದ್ದಾನೆ.