ಕೈದಿಯೊಬ್ಬನ ಪಕ್ಷಿವೈದ್ಯ

ಕೆಲವು ಗ್ರಂಥಗಳಿಗೆ ಒಂದು ವಿಚಿತ್ರ ದುರದೃಷ್ಟ ಅಂಟಿಕೊಂಡಿರುತ್ತದೆ. ಬರೆದವನ ಬಾಳು ಬರೆದ ಪುಸ್ತಕಕ್ಕಿಂತ ಸ್ವಾರಸ್ಯವಾಗಿರುತ್ತದೆ. ಜನ ಬಾಳಿನ ಕಥೆ ಕೇಳಿ ತಣಿದು, ಪುಸ್ತಕವನ್ನು ಬಿಚ್ಚುವುದೇ ಇಲ್ಲ. ಕವಿಗಳ ವಿಷಯದಲ್ಲಿ ಇದು ನಮಗೆ ಹೊಸದಲ್ಲ. ಆದರೆ ಹಕ್ಕಿಗಳ ರೋಗ ಮತ್ತು ಚಿಕಿತ್ಸೆಯನ್ನು ಕುರಿತ ಶಾಸ್ತ್ರಗ್ರಂಥವೊಂದಕ್ಕೂ ಇದೇ ಗತಿ ಬಂದಿದೆ. 1943ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಸ್ಟ್ರೌಡ್ಸ್ ಡೈಜೆಸ್ಟ್ ಆನ್ ದ ಡಿಸೀಸಸ್ ಆಫ್ ಬರ್ಡ್ಸ್’ ಎಂಬುದೇ ಆ ಗ್ರಂಥ. ಅದನ್ನು ಬರೆದವನು ಪಶುವೈದ್ಯನಲ್ಲ, ಪ್ರಾಧ್ಯಾಪಕನೂ ಅಲ್ಲ. ಎರಡು ಕೊಲೆಗಳನ್ನು ಮಾಡಿ ಸೆರೆಮನೆಯಲ್ಲಿ ಮುದುಕನಾದ ರಾಬರ್ಟ್ ಸ್ಟ್ರೌಡ್.

ಕಥೆಯನ್ನು ಮೊದಲು ಹೇಳಿ ಮುಗಿಸಿಬಿಡುವುದು ಒಳ್ಳೆಯದು. 1909ರಲ್ಲಿ ಸ್ಟ್ರೌಡ್ ಅಲಾಸ್ಕದ ಜೂನೋ ಊರಿನಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದು ಸೆರೆ ಸೇರಿದ. 1916ರಲ್ಲಿ ಲೆವನ್‌ವರ್ತ್ ಸೆರೆಮನೆಯ ಊಟದ ಮನೆಯಲ್ಲಿ ಆಂಡ್ರ್ಯೂ ಟರ್ನರ್ ಎಂಬ ಕಾವಲುಗಾರನನ್ನು ಇರಿದು ಕೊಂದ. ಗಲ್ಲಿನ ಶಿಕ್ಷೆಯಾಯಿತು. ಮಗನ ಪ್ರಾಣಕ್ಕಾಗಿ ತಾಯಿ ಮೊರೆಯಿಟ್ಟಳು. 1920ರಲ್ಲಿ ಅಧ್ಯಕ್ಷ ವಿಲ್ಸನ್ ಗಲ್ಲನ್ನು ಜೀವಾವಧಿಗೆ ಇಳಿಸಿದರು. ಅದು ಏಕಾಂತವಾಸದ ಜೀವಾವಧಿ. ಅದೇ ವರ್ಷ ಸೆರೆಮನೆಯ ಅಂಗಳದಲ್ಲಿ ಬಿದ್ದಿದ್ದ ಗೂಡೊಂದರಲ್ಲಿ ಗುಬ್ಬಿಮರಿಗಳು ಅವನಿಗೆ ಸಿಕ್ಕವು. ಅವನ್ನು ಸಾಕಿದ. ಆಮೇಲೆ ಕ್ಯಾನರಿಗಳನ್ನು ತರಿಸಿಕೊಂಡ. ವರ್ಷಗಳುರುಳಿದಂತೆ ಅವನ ಕೈಯಲ್ಲಿ ಬೆಳೆದ ಕ್ಯಾನರಿಗಳು ಸುಮಾರು 300. ಅವುಗಳಿಗೆ ರೋಗ ಬಂದಾಗ ಮದ್ದು ಹುಡುಕಿದ, ಸತ್ತಾಗ ಕೊಯ್ದು ನೋಡಿದ, ನೋಡಿದ್ದನ್ನು ಬರೆದ. 1933ರಲ್ಲಿ ಕ್ಯಾನರಿಗಳ ರೋಗಗಳ ಮೇಲೆ ಮೊದಲ ಪುಸ್ತಕ, ಹತ್ತು ವರ್ಷಗಳ ಮೇಲೆ ಈ ದೊಡ್ಡ ಪುಸ್ತಕ.

1955ರಲ್ಲಿ ಥಾಮಸ್ ಗ್ಯಾಡಿಸ್ ಅವನ ಜೀವನಚರಿತ್ರೆ ಬರೆದರು. 1962ರಲ್ಲಿ ಫ್ರಾಂಕನ್‌ಹೈಮರ್ ಅದನ್ನು ಚಲನಚಿತ್ರ ಮಾಡಿದರು. ಬರ್ಟ್ ಲ್ಯಾಂಕಾಸ್ಟರ್ ಅದರ ನಾಯಕ. ಎರಡಕ್ಕೂ ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’ ಎಂದು ಹೆಸರು. ಹೆಸರಿನಲ್ಲೇ ಪ್ರಮಾದವಿದೆ. ಸ್ಟ್ರೌಡ್ ಹಕ್ಕಿ ಸಾಕಿದ್ದು ಲೆವನ್‌ವರ್ತಿನಲ್ಲಿ. 1942ರಲ್ಲಿ ಅವನನ್ನು ಆಲ್ಕಟ್ರಾಜ್ ದ್ವೀಪಕ್ಕೆ ಒಯ್ದಾಗ ಹಕ್ಕಿಗಳನ್ನು ಕಿತ್ತುಕೊಂಡೇ ಒಯ್ದರು. ಅಲ್ಲಿದ್ದ ಹದಿನೇಳು ವರ್ಷಗಳಲ್ಲಿ ಅವನ ಬಳಿ ಒಂದು ಹಕ್ಕಿಯೂ ಇರಲಿಲ್ಲ. ಅವನ ದೊಡ್ಡ ಪುಸ್ತಕ ಅಚ್ಚಾಗಿ ಬಂದಾಗ ಅವನ ಕೋಣೆ ಬರಿದಾಗಿತ್ತು. 1963ರಲ್ಲಿ ಮಿಸ್ಸೂರಿಯ ಕೈದಿಗಳ ಆಸ್ಪತ್ರೆಯೊಂದರಲ್ಲಿ ಸತ್ತ. ತನ್ನ ಮೇಲಿನ ಚಿತ್ರವನ್ನು ಅವನು ನೋಡಲೇ ಇಲ್ಲ.

ಚಿತ್ರ ಚೆನ್ನಾಗಿದೆ, ಸುಳ್ಳಿಲ್ಲ. ಆದರೆ ಅದನ್ನು ನೋಡಿ ಎದ್ದವನಿಗೆ ನೆನಪಿನಲ್ಲಿ ಉಳಿಯುವುದು ಮನುಷ್ಯ, ಅವನ ಪಶ್ಚಾತ್ತಾಪ, ಅವನ ಘನತೆ. ಹಕ್ಕಿ ಆ ಘನತೆಗೆ ಒಂದು ಅಲಂಕಾರ, ಅಷ್ಟೇ. ಅವನನ್ನು ಹತ್ತಿರದಿಂದ ಬಲ್ಲವರು ಅವನು ಅಂಥ ಸೌಮ್ಯನಲ್ಲವೆಂದು ಹೇಳಿದ್ದಾರೆ. ಅದು ಬೇರೆ ಮಾತು. ನನ್ನ ಆಕ್ಷೇಪಣೆ ಇರುವುದು, ರೋಗಿಯನ್ನು ಬಿಟ್ಟು ವೈದ್ಯನನ್ನೇ ನೋಡುವ ನಮ್ಮ ಚಪಲದ ಮೇಲೆ. ಈ ಚಪಲ ನನ್ನಲ್ಲಿಯೂ ಇತ್ತು. ಚಿತ್ರವನ್ನು ಎರಡು ಬಾರಿ ನೋಡಿದ್ದೆ, ಜೀವನಚರಿತ್ರೆಯನ್ನು ಓದಿದ್ದೆ, ಸ್ಟ್ರೌಡನ ಪುಸ್ತಕವನ್ನು ಮಾತ್ರ ಮುಟ್ಟಿರಲಿಲ್ಲ. ಮುಟ್ಟುವಂತಾದದ್ದು ಮನೆಯಲ್ಲಿ ನಡೆದ ಒಂದು ಸಣ್ಣ ಸಾವಿನಿಂದ. ಸ್ವಂತದ ಸಂಗತಿ ಎತ್ತುವುದಕ್ಕೆ ವಾಚಕರು ಕ್ಷಮಿಸಬೇಕು.

ಮೊಮ್ಮಗಳ ಹಟಕ್ಕೆ ಕಟ್ಟುಬಿದ್ದು ಒಂದು ಬಜರಿಗಾರ್ ತಂದಿದ್ದೆವು. ಹಸಿರು ಮೈ, ಹಳದಿ ತಲೆ. ಆಸ್ಟ್ರೇಲಿಯ ಮೂಲದ ಹಕ್ಕಿ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದನ್ನು 1972ರ ವನ್ಯಜೀವಿ ಕಾಯಿದೆ ಒಪ್ಪುವುದಿಲ್ಲವಾದ್ದರಿಂದ ಇದೇ ಆಗಲಿ ಎಂದೆವು. ‘ಮುತ್ತು’ ಎಂದು ಹೆಸರಿಟ್ಟಳು. ನಾನು ಕುಳಿತು ಓದುವ ಕುರ್ಚಿಯಿಂದ ಮೂರು ಅಡಿ ದೂರದಲ್ಲಿ ಪಂಜರ. ಒಂದು ಬೆಳಿಗ್ಗೆ ಅದು ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕುಳಿತಿತ್ತು. ಉಸಿರಾಡಿದಾಗಲೆಲ್ಲ ಬಾಲ ಕುಣಿಯುತ್ತಿತ್ತು. ಹತ್ತಿರದ ಪಶುಚಿಕಿತ್ಸಾಲಯಕ್ಕೆ ಒಯ್ದೆವು. ಡಾಕ್ಟರು ಸಜ್ಜನರು. ಹಕ್ಕಿಯನ್ನು ನೋಡಿ, “ರಾಯರೆ, ನನ್ನ ಕೈ ಪಳಗಿರುವುದು ಹಸು, ಎಮ್ಮೆ, ನಾಯಿಗಳಲ್ಲಿ. ಇಷ್ಟು ಸಣ್ಣ ಜೀವಕ್ಕೆ ಸೂಜಿ ಹಾಕಲು ನನಗೇ ಧೈರ್ಯವಿಲ್ಲ,” ಎಂದರು. ಆಮೇಲೆ ಕೇಳಿದರು: “ಯಾವತ್ತಿನಿಂದ ಹೀಗಿದೆ?”

ನನಗೆ ಉತ್ತರ ತಿಳಿದಿರಲಿಲ್ಲ. ಮೊಮ್ಮಗಳು ನನ್ನ ಮುಖ ನೋಡಿದಳು. “ತಾತ, ನೀವು ದಿನಾ ಅಲ್ಲೇ ಕೂತಿರ್ತಿದ್ರಲ್ಲ?” ಎಂದಳು. ಮಾರನೆಯ ದಿನ ಮುತ್ತು ಸತ್ತುಹೋಯಿತು.

ಆ ವಾರವೇ ಸ್ಟ್ರೌಡನ ಪುಸ್ತಕವನ್ನು ಹುಡುಕಿ ತರಿಸಿದೆ. ಓದುತ್ತ ಹೋದಂತೆ ನನಗೆ ಮೊದಲು ಹೊಳೆದದ್ದು ಅದರ ವೈದ್ಯವಲ್ಲ, ಅದರ ನೋಟ. ಹಕ್ಕಿ ತನ್ನ ರೋಗವನ್ನು ಮರೆಮಾಚುವ ಪ್ರಾಣಿ. ಕಾಡಿನಲ್ಲಿ ಸೊರಗಿದಂತೆ ತೋರುವ ಹಕ್ಕಿ ಗಿಡುಗನ ಬಾಯಿಗೆ ಮೊದಲ ತುತ್ತು. ಆದ್ದರಿಂದ ಅದು ಶಕ್ತಿಯಿರುವ ತನಕ ನೆಟ್ಟಗೆ ಕುಳಿತು ನಟಿಸುತ್ತದೆ. ಗರಿ ಕೆದರಿ ತಳಕ್ಕೆ ಇಳಿದ ದಿನ ರೋಗದ ಮೊದಲ ದಿನವಲ್ಲ, ಅನೇಕ ವೇಳೆ ಕೊನೆಯ ದಿನ. ಅದಕ್ಕೆ ಮುಂಚೆ ಸುಳಿವುಗಳಿರುತ್ತವೆ. ಹಿಕ್ಕೆಯ ಬಿಳಿಯ ಭಾಗ ಬಣ್ಣಗೆಡುತ್ತದೆ, ಕಾಳು ಒಡೆದರೂ ನುಂಗುವುದು ಕಡಮೆಯಾಗುತ್ತದೆ, ಹಾಡು ನಿಲ್ಲುತ್ತದೆ, ತೂಕ ಒಂದೆರಡು ಗ್ರಾಂ ಇಳಿಯುತ್ತದೆ. ಮೂವತ್ತು ನಲವತ್ತು ಗ್ರಾಂ ತೂಗುವ ಜೀವಕ್ಕೆ ಎರಡು ಗ್ರಾಂ ಎಂದರೆ ನಮಗೆ ಮೂರು ನಾಲ್ಕು ಕಿಲೋ ಇಳಿದಂತೆ. ಇದನ್ನು ಕಾಣಬೇಕಾದರೆ ಪಾಂಡಿತ್ಯ ಬೇಡ, ನಿತ್ಯವೂ ನೋಡುವ ತಾಳ್ಮೆ ಬೇಕು. ಇಪ್ಪತ್ತೆರಡು ವರ್ಷ ಆ ಕೈದಿಗೆ ನೋಡುವುದಕ್ಕೆ ಬೇರೇನೂ ಇರಲಿಲ್ಲ. ನನಗೆ ಬಹಳ ಇದ್ದವು. ಕೃತಿಗಳನ್ನು ಸೂಕ್ಷ್ಮವಾಗಿ ಓದುವವನೆಂದು ಹೆಮ್ಮೆಪಟ್ಟುಕೊಳ್ಳುವ ನಾನು ಮೂರು ಅಡಿ ದೂರದಲ್ಲಿದ್ದ ಪುಟವನ್ನು ಓದಿರಲಿಲ್ಲ.

ನಮ್ಮ ಪರಂಪರೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಗ್ರಂಥದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಪ್ರಾಣಿವೈದ್ಯದಲ್ಲಿ ನಾವು ಬಡವರಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅಭಿನವಚಂದ್ರ ‘ಅಶ್ವವೈದ್ಯ’ ಬರೆದ. ಸಂಸ್ಕೃತದಲ್ಲಿ ಪಾಲಕಾಪ್ಯನ ಹೆಸರಿನ ‘ಹಸ್ತ್ಯಾಯುರ್ವೇದ’ವಿದೆ. ಕಲ್ಯಾಣದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಗಿಡುಗನ ಬೇಟೆಯನ್ನು ವರ್ಣಿಸಿದ್ದಾನೆ. ಕುಮಾಊಂ ರಾಜ ರುದ್ರದೇವನ ‘ಶ್ಯೈನಿಕ ಶಾಸ್ತ್ರ’ ಬೇಟೆಯ ಗಿಡುಗಗಳ ಆರೈಕೆಯನ್ನೂ ಚಿಕಿತ್ಸೆಯನ್ನೂ ಹೇಳುತ್ತದೆ. ಆದರೆ ಒಂದು ಅಂಶವನ್ನು ಗಮನಿಸಬೇಕು. ಹಸು ಹಾಲಿಗೆ, ಕುದುರೆ ಆನೆಗಳು ಯುದ್ಧಕ್ಕೆ, ಗಿಡುಗ ಅರಸನ ವಿನೋದಕ್ಕೆ. ಈ ಶಾಸ್ತ್ರಗಳೆಲ್ಲ ಉಪಯೋಗದ ನೆರಳಿನಲ್ಲಿ ಬೆಳೆದವು. ಕಾವ್ಯದ ಗಿಳಿ ಮಾತ್ರ ಮಾತನಾಡಿತು, ದೂತನಾಯಿತು, ನಾಯಕಿಯ ಕೈಮೇಲೆ ಕುಳಿತಿತು. ಅದಕ್ಕೆ ಹೊಟ್ಟೆನೋವು ಬಂದರೆ ಏನು ಮಾಡಬೇಕೆಂದು ಆ ಕವಿಗಳು ಚಿಂತಿಸಲಿಲ್ಲ. ಸ್ಟ್ರೌಡನ ಪುಸ್ತಕದಲ್ಲಿ ಯಾವ ಕೆಲಸಕ್ಕೂ ಬಾರದ ಪುಟ್ಟ ಹಕ್ಕಿಯೊಂದು ಪೂರ್ಣ ರೋಗಿಯ ಮರ್ಯಾದೆ ಪಡೆಯುತ್ತದೆ. ಇದು ಸಣ್ಣ ಸಾಧನೆಯಲ್ಲ.

ಹಾಗೆಂದು ಗ್ರಂಥವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಅದರ ಮುಖ್ಯ ದೋಷ ಅದರ ನಿಸ್ಸಂದೇಹ. ಸ್ಟ್ರೌಡ್ ಅನುಮಾನಿಸುವುದು ಇತರರನ್ನು, ತನ್ನನ್ನಲ್ಲ. ಒಂದೇ ಕೋಣೆಯ ಹಕ್ಕಿಗಳಲ್ಲಿ ಕಂಡದ್ದು ಲೋಕದ ಹಕ್ಕಿಗಳಿಗೆಲ್ಲ ಸಲ್ಲುತ್ತದೆಯೇ ಎಂಬ ಪ್ರಶ್ನೆ ಅವನನ್ನು ಹೆಚ್ಚಾಗಿ ಕಾಡುವುದಿಲ್ಲ. ಅದೂ ಅಲ್ಲದೆ ಅವನು ‘ಸ್ಟ್ರೌಡ್ಸ್ ಸ್ಪೆಸಿಫಿಕ್’ ಎಂಬ ಸ್ವಂತ ಔಷಧವನ್ನು ಮಾರುತ್ತಿದ್ದ. ಮದ್ದು ಮಾರುವ ಕೈಯೇ ಮದ್ದಿನ ಗುಣವನ್ನೂ ಬರೆದರೆ ಓದುಗ ಎಚ್ಚರವಾಗಿರಬೇಕು. ಪ್ರಯೋಗಕ್ಕೆಂದು ತರಿಸಿದ ಸಲಕರಣೆಗಳಲ್ಲಿ ಅವನು ಸಾರಾಯಿ ಕಾಸಿದ್ದನೆಂಬುದೂ ಕಥೆಯ ಒಂದು ಭಾಗ. ಎಲ್ಲಕ್ಕಿಂತ ಮಿಗಿಲಾಗಿ, ಪುಸ್ತಕ ಹೊರಬಂದದ್ದು ಪೆನಿಸಿಲಿನ್ ಇನ್ನೂ ಮನುಷ್ಯರಿಗೇ ಸರಿಯಾಗಿ ದೊರೆಯದಿದ್ದ ಕಾಲದಲ್ಲಿ. ಅದರ ಮದ್ದುಗಳನ್ನು ಇಂದು ಯಾರೂ ತಮ್ಮ ಹಕ್ಕಿಗೆ ಕೊಡಬಾರದು.

ಅಲ್ಲಿಂದೀಚೆಗೆ ವಿದ್ಯೆ ಬೆಳೆದಿದೆ. 1980ರಲ್ಲಿ ಅಮೆರಿಕದ ಪಕ್ಷಿವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು. ನಮ್ಮ ಇಜ್ಜತ್‌ನಗರದಲ್ಲಿ 1979ರಿಂದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯಿದೆ, ಅದರ ಗಮನ ಹೆಚ್ಚಾಗಿ ಕೋಳಿ ಮತ್ತಿತರ ಸಾಕುಹಕ್ಕಿಗಳ ಕಡೆಗೆ. ಹಕ್ಕಿಗೆ ನಮ್ಮಂತೆ ವಪೆಯಿಲ್ಲ, ಎದೆಯನ್ನು ಗಟ್ಟಿಯಾಗಿ ಹಿಡಿದರೆ ಉಸಿರುಕಟ್ಟುತ್ತದೆ. ಅದರ ಮೈತುಂಬ ಗಾಳಿಚೀಲಗಳು, ಅಡುಗೆಮನೆಯಲ್ಲಿ ಅಂಟದ ಲೇಪದ ಬಾಣಲೆ ಅತಿಯಾಗಿ ಕಾದು ಹೊಮ್ಮುವ ಆವಿ ಅದನ್ನು ನಿಮಿಷಗಳಲ್ಲಿ ಕೊಲ್ಲಬಲ್ಲುದು. ಬರಿಯ ಕಾಳು ತಿಂದ ಗಿಳಿ ಎ ಜೀವಸತ್ತ್ವವಿಲ್ಲದೆ ಸೊರಗುತ್ತದೆ. ನಾವು ಮುತ್ತುವಿಗೆ ಹಾಕುತ್ತಿದ್ದುದು ನವಣೆಯೊಂದೇ. ಹಕ್ಕಿಯನ್ನು ಸಣ್ಣ ನಾಯಿಯೆಂದು ಬಗೆದರೆ ವೈದ್ಯ ತಪ್ಪುತ್ತದೆ ಎಂಬುದೇ ಈ ವಿದ್ಯೆಯ ಮೊದಲ ಪಾಠ.

ಈ ಪಾಠಕ್ಕೆ ನಾವು ತೆತ್ತ ಬೆಲೆ ಬಹು ದೊಡ್ಡದು. ನೋವಿಗೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ದನಕ್ಕೆ ಉಪಕಾರಿ. ಆ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದಿಗೆ ಅದೇ ವಿಷ. 1990ರ ದಶಕದಿಂದ ನಮ್ಮ ಮುಖ್ಯ ರಣಹದ್ದುಗಳು ನೂರಕ್ಕೆ 95ಕ್ಕೂ ಮೇಲೆ ಅಳಿದುಹೋದವು. ಕಾರಣ ತಿಳಿದದ್ದು ಹೇಗೆ? ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದರು. ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿಪು. ಮೂತ್ರಪಿಂಡಗಳು ಕೆಟ್ಟಿದ್ದವು. 2004ರಲ್ಲಿ ಅದನ್ನು ಪ್ರಕಟಿಸಿದರು. 2006ರಲ್ಲಿ ಭಾರತ ಆ ಮದ್ದನ್ನು ಪಶುಚಿಕಿತ್ಸೆಯಿಂದ ನಿಷೇಧಿಸಿತು. ಅಂಥವೇ ಬೇರೆ ಎರಡನ್ನು 2023ರಲ್ಲಿ ನಿಷೇಧಿಸಲಾಯಿತು. 2012ರಲ್ಲಿ ನಮ್ಮ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಗೋವೈದ್ಯವನ್ನು ಬಲ್ಲ ನಾಡು ಹಕ್ಕಿಯ ವೈದ್ಯವನ್ನು ಅರಿಯದೆ ಹೋದುದರಿಂದ, ಹಸುವಿನ ಮದ್ದೇ ಹಕ್ಕಿಯ ಮೃತ್ಯುವಾಯಿತು.

ಓಕ್ಸ್ ಸ್ಟ್ರೌಡನಂತೆ ಒಂಟಿಯಲ್ಲ. ಅವರಿಗೆ ಪ್ರಯೋಗಶಾಲೆಯಿತ್ತು, ಸಂಗಡಿಗರಿದ್ದರು, ತಮ್ಮ ಊಹೆಯನ್ನು ತಾವೇ ಪರೀಕ್ಷೆಗೆ ಒಡ್ಡುವ ಶಿಸ್ತಿತ್ತು. ಸ್ಟ್ರೌಡನಿಗೆ ಇಲ್ಲದ್ದು ಆ ಶಿಸ್ತು. ಆದರೆ ಸತ್ತ ಹಕ್ಕಿಯನ್ನು ಕಸದ ಬುಟ್ಟಿಗೆ ಎಸೆಯದೆ, ಅದು ಏಕೆ ಸತ್ತಿತೆಂದು ಕೇಳುವ ಮನಸ್ಸು ಇಬ್ಬರಲ್ಲಿಯೂ ಒಂದೇ. ಗ್ರಂಥದ ಮದ್ದು ಹಳಸಿದೆ, ಆ ಮನಸ್ಸು ಹಳಸಿಲ್ಲ.

ಹಾಗಾದರೆ ಈ ಪುಸ್ತಕವನ್ನು ಎಲ್ಲಿ ಇಡಬೇಕು? ವೈದ್ಯಗ್ರಂಥಗಳ ಸಾಲಿನಲ್ಲಿ ಅದಕ್ಕೆ ಈಗ ಸ್ಥಳವಿಲ್ಲ. ಪಾಪಿಯ ಉದ್ಧಾರದ ಕಥೆಯಾಗಿ ಓದುವುದು ಟರ್ನರನಿಗೆ ಮಾಡುವ ಅನ್ಯಾಯ. ಹಕ್ಕಿಯನ್ನು ಕಂಡು ಕರಗಿದ ಕೈಯೇ ಅವನನ್ನು ಇರಿದದ್ದು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಾನು ಅದನ್ನು ನೋಡುವುದನ್ನು ಕಲಿಸುವ ಪುಸ್ತಕವೆಂದು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅದರ ಜೊತೆಗೇ ಒಂದು ತಾಪವೂ ಉಂಟು. ತಾನು ಕಂಬಿಯೊಳಗಿದ್ದೂ ಹಕ್ಕಿಯನ್ನು ಕಂಬಿಯೊಳಗಿಡುವುದು ಸರಿಯೇ ಎಂಬ ಪ್ರಶ್ನೆಗೆ ಅವನ ವೈದ್ಯದಲ್ಲಿ ಎಡೆಯಿಲ್ಲ. ಹೊರಗಿದ್ದ ನಾನೂ ಅದನ್ನು ಕೇಳಿಕೊಂಡಿರಲಿಲ್ಲ.

ಮೊಮ್ಮಗಳು ಇನ್ನೊಂದು ಹಕ್ಕಿ ಬೇಡವೆಂದಿದ್ದಾಳೆ. ಪಂಜರವನ್ನು ಅಟ್ಟಕ್ಕೆ ಹಾಕಿದ್ದೇವೆ. ಈಗ ಬೆಳಿಗ್ಗೆ ಕಾಂಪೌಂಡಿನ ಗೋಡೆಯ ಮೇಲೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತಾಳೆ. ಮೈನಾ, ಪಾರಿವಾಳ, ಕಾಗೆ ಬರುತ್ತವೆ. ಮೊನ್ನೆ ಒಂದು ಮೈನಾ ಬಂದಾಗ, “ತಾತ, ಇದು ನಿನ್ನೆಗಿಂತ ಒಂದು ಕಾಲು ಎತ್ತಿ ಕೂರುತ್ತೆ, ನೋಡಿದ್ರಾ?” ಎಂದಳು. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟು, ಎದ್ದುಹೋಗಿ ನೋಡಿದೆ.