27 ತಿರುವು, ಆಮೇಲೆ ಬಂಗಲೆ

ಬಣ್ಣಾರಿ ಅಮ್ಮನ ಗುಡಿ ದಾಟಿದರೆ ದಿಂಬಂ ಘಾಟಿ ಶುರು. 27 ಹೇರ್‌ಪಿನ್ ತಿರುವು. ಏರಿ ಮುಗಿದ ಮೇಲೆ ಹಾಸನೂರು, ಅದರಾಚೆ ಕನ್ನಡದ ತಾಳವಾಡಿ. ಈರೋಡು ಜಿಲ್ಲೆಯಲ್ಲಿದ್ದೂ ಚಾಮರಾಜನಗರದ ಕಡೆ ಮುಖ ಮಾಡಿ ಕೂತ ಸೀಮೆ. ಕಬ್ಬಿನ ಲಾರಿಗೆ ಕಾದು ನಿಂತ ಆನೆ ಯಾವ ತಿರುವಿನಾಚೆ ಇದೆಯೋ ಸ್ಟಿಯರಿಂಗ್ ಹಿಡಿದವನಿಗೂ ತಿಳಿಯದು. ದೆವ್ವದ ಸಿನಿಮಾದ ಮೊದಲ ಐದು ನಿಮಿಷ ಮಾಡಬೇಕಾದದ್ದೂ ಇಷ್ಟೇ: ನೋಡುವವನನ್ನು ಪರಿಚಿತ ಊರಿನಿಂದ ಬಿಡಿಸಿ, ಮುಂದಿನ ತಿರುವು ಕಾಣದ ದಾರಿಗೆ ಹತ್ತಿಸುವುದು.

ಕನ್ನಡದ ದೆವ್ವದ ಚಿತ್ರಗಳಿಗೆ ಈ ದಾರಿ ಸವೆಸುವ ತಾಳ್ಮೆ ಕಡಿಮೆ. ನೇರ ಬಂಗಲೆಗೇ ಕರೆದೊಯ್ದು ಕದ ಕಿರುಗುಟ್ಟಿಸಿಬಿಡುತ್ತವೆ.

ದಾರಿಯನ್ನೇ ನಂಬಿದ ಚಿತ್ರ ಸ್ಟಾನ್ಲಿ ಕುಬ್ರಿಕ್‌ನ ‘ದಿ ಶೈನಿಂಗ್’ (1980). ಅಮೆರಿಕದ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಹೆಲಿಕಾಪ್ಟರಿನಿಂದ ತೆಗೆದ ಆರಂಭದ ದೃಶ್ಯಗಳು. ಹಳದಿ ಕಾರೊಂದು ಬೆಟ್ಟದ ರಸ್ತೆಯಲ್ಲಿ ಇರುವೆಯಂತೆ ಸಾಗುತ್ತದೆ. ರಾತ್ರಿಯಲ್ಲ, ಹಾಡಹಗಲು. ಹೆಣವಿಲ್ಲ, ರಕ್ತವಿಲ್ಲ. ಆದರೆ ಕ್ಯಾಮೆರಾ ಕಾರಿನ ಬೆನ್ನು ಹತ್ತಿ, ಒಮ್ಮೆ ಅದನ್ನು ಮೀರಿ, ಕಣಿವೆಯ ಮೇಲೆ ತೇಲಿಹೋಗುವಾಗ ಒಂದು ಅನುಮಾನ ಹುಟ್ಟುತ್ತದೆ: ಇದು ಯಾರ ಕಣ್ಣು? ಮಧ್ಯಯುಗದ ಶವಸಂಸ್ಕಾರದ ರಾಗವನ್ನು ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಸಿಂಥಸೈಜರಿನಲ್ಲಿ ನುಡಿಸಿದ್ದಾರೆ. ಅದು ಸಾವಿನ ಹಾಡೆಂದು ಗೊತ್ತಿಲ್ಲದವರ ಹೊಟ್ಟೆಯೂ ತೊಳಸುತ್ತದೆ.

ನಮ್ಮವರು ಹಿಡಿದದ್ದು ಹೆಚ್ಚಾಗಿ ರಾಮ್ಸೆ ಸಹೋದರರ ಜಾಡು. ‘ಪುರಾನಾ ಮಂದಿರ್’ (1984) ಚಿತ್ರದಲ್ಲಿ ರಾಕ್ಷಸ ಸಾಮ್ರಿ ಆರಂಭದಲ್ಲೇ ಸಿಕ್ಕಿಬೀಳುತ್ತಾನೆ, ತಲೆ ಮುಂಡ ಬೇರೆಯಾಗುತ್ತವೆ, ರಾಜವಂಶಕ್ಕೆ ಶಾಪ ತಟ್ಟುತ್ತದೆ. ಯಾರು, ಏಕೆ, ಎಂದಿನಿಂದ ಎಂಬ ಲೆಕ್ಕವೆಲ್ಲ ಮೊದಲೇ ಚುಕ್ತಾ. ಮಿಕ್ಕ ಎರಡು ಗಂಟೆ ಬಡ್ಡಿ ವಸೂಲಿ.

ಹಾಗೆಂದು ಮೊದಲೇ ಕಥೆ ಹೇಳುವುದೇ ತಪ್ಪು ಎನ್ನುವಂತಿಲ್ಲ. ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ದೆವ್ವದ ಚಿತ್ರವಲ್ಲ, ದೈವದ್ದು. ಆದರೂ ಮೈ ಜುಮ್ಮೆನ್ನಿಸುವ ಆರಂಭಕ್ಕೆ ಇತ್ತೀಚಿನ ಕನ್ನಡದಲ್ಲಿ ಅದಕ್ಕೆ ಸಾಟಿಯಿಲ್ಲ. 1847ರಲ್ಲಿ ನೆಮ್ಮದಿ ಅರಸಿ ಕಾಡಿಗೆ ಬಂದ ಅರಸ, ದೈವದ ಕಲ್ಲಿಗೆ ಬದಲಾಗಿ ಊರವರಿಗೆ ಬಿಟ್ಟುಕೊಟ್ಟ ನೆಲ. 1970ರಲ್ಲಿ ಅದನ್ನು ಮರಳಿ ಕೇಳುವ ವಂಶಜ. ಎಲ್ಲವೂ ಬಿಡಿಸಿ ಹೇಳಿದ ಕಥೆಯೇ. ಆದರೆ ದೈವ ಕಟ್ಟಿದವನು ಕಾಡಿನೊಳಗೆ ಓಡಿ ಮಾಯವಾಗುತ್ತಾನೆ. ಹೆಣ ಸಿಗುವುದಿಲ್ಲ, ವಿವರಣೆಯೂ ಸಿಗುವುದಿಲ್ಲ. ಅಜ್ಜಿಯ ಕಥೆಯಲ್ಲಿ ನಿದ್ದೆ ಕೆಡಿಸುವುದು ಇಂಥ ಭಾಗವೇ, ಆಕೆ ಹೇಳದೆ ನಿಲ್ಲಿಸಿದ್ದು.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಇನ್ನೊಂದು ತುದಿ. ಮದುವೆಯ ಬಗ್ಗೆ ತಾಯಿ–ಮಗಳ ಚರ್ಚೆ, ಬೆಂಗಳೂರಿನ ಟ್ರಾಫಿಕ್ಕು, ಡಬಲ್ ರೋಡ್ ಫ್ಲೈಓವರ್ ಮೇಲೆ ಅವಸರದವರು ಸರಿಸಿಹೋಗುವ ಕಲ್ಲು. ದಿನವೂ ಕಾಣುವ ಕಲ್ಲಿಗೇ ದೆವ್ವ ಮೆಟ್ಟಿಸಿದ ಚಿತ್ರವಿದು. ಹಳೆಯ ಬಂಗಲೆಯ ಬಾಡಿಗೆಯೂ ಉಳಿಯಿತು! ‘6-5=2’ (2013) ಚಾರಣಿಗರ ಕ್ಯಾಮೆರಾದಲ್ಲಿ ಸಿಕ್ಕ ನಿಜ ದೃಶ್ಯಗಳೆಂಬ ಸೋಗು ಹಾಕಿತು. ಅದು ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ತೆರೆಯ ಮೇಲಿನ ನಾಲ್ಕು ಸಾಲಿನಲ್ಲಿ ಸಾಧಿಸಿದ ಉಪಾಯ. ಎರವಲು ನಿಜ, ಆದರೂ ಕಾಡಿಗೆ ನಡೆದೇ ಹೋದದ್ದರಿಂದ ಕೆಲಸ ಮಾಡಿತು.

ದನಿಯ ವಿಷಯಕ್ಕೆ ಬಂದರೆ ಕಿರುತೆರೆಯೇ ಮುಂದು. ಸದಾನಂದ ಸುವರ್ಣರು ನಿರ್ದೇಶಿಸಿ, ದೂರದರ್ಶನದಲ್ಲಿ ಬಂದ ‘ಗುಡ್ಡದ ಭೂತ’ದ ಶೀರ್ಷಿಕೆ ಗೀತೆ ಕೇಳಿಸಿದರೆ ಆಗಿನ ಮಕ್ಕಳು ಹಿತ್ತಲ ಕಡೆ ಹೋಗಲು ಹಿಂಜರಿಯುತ್ತಿದ್ದರು. ಕಥೆ ಮರೆತವರಿಗೂ ಆ ಹಾಡು ನೆನಪಿದೆ. ಅನೂಪ್ ಭಂಡಾರಿ ‘ರಂಗಿತರಂಗ’ (2015) ಮಾಡುವಾಗ ಅದನ್ನೇ ಮತ್ತೆ ಕರೆತಂದದ್ದು ಸುಮ್ಮನೆ ಅಲ್ಲ.

ತಾಳವಾಡಿಯ ಜನ ಕಂಡ ನಿಜವಾದ ಆರಂಭದೃಶ್ಯ ಯಾವ ಪರದೆಯ ಮೇಲೂ ಬಂದದ್ದಲ್ಲ. 2000ದ ಜುಲೈ 30, ಗಾಜನೂರು. ಊಟ ಮುಗಿಸಿ ಟಿವಿ ನೋಡುತ್ತ ಕೂತ ಡಾ. ರಾಜ್‌ಕುಮಾರ್, ಬಾಗಿಲಲ್ಲಿ ಕಾಡುಗಳ್ಳ ವೀರಪ್ಪನ್. ಅಂದು ಅಮಾವಾಸ್ಯೆಯ ರಾತ್ರಿ. ಯಾವನಾದರೂ ಚಿತ್ರಕಥೆಯಲ್ಲಿ ಹಾಗೆ ಬರೆದಿದ್ದರೆ ಅತಿಯಾಯಿತೆಂದು ಹೊಡೆದುಹಾಕುತ್ತಿದ್ದರು. ಅಪಹರಣದ ಮುಂದಿನ 108 ದಿನ ಕಾಡಿನಿಂದ ಬಂದದ್ದು ಬರೀ ಕ್ಯಾಸೆಟ್ಟು, ದನಿ, ಗಾಳಿಸುದ್ದಿ.

2022ರಿಂದ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ಹೈಕೋರ್ಟಿನ ನಿರ್ಬಂಧವಿದೆ, ಕಾಡುಪ್ರಾಣಿಗಳಿಗಾಗಿ. ಕತ್ತಲಾದರೆ ಚೆಕ್‌ಪೋಸ್ಟಿನ ಅಡ್ಡಗಂಬ ಇಳಿಯುತ್ತದೆ. ಆಚೆ 27 ತಿರುವುಗಳೂ ಬಹುಮಟ್ಟಿಗೆ ಖಾಲಿ ಬಿದ್ದಿರುತ್ತವೆ.